ಸಹಾಯ ಬೇಕು: ಬ್ರಿಡ್ಜ್ ಇಲ್ದೆ ಹಳೇ ಜಿಗ್ಬಿ ಬಲ್ಬ್ ಹೋಮ್ ಅಸಿಸ್ಟೆಂಟ್‌ಗೆ ಸೇರಿಸೋದು ಹೇಗೆ?

ಎಲ್ರಿಗೂ ನಮಸ್ಕಾರ. ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೇಲೆ ಹೋಮ್ ಅಸಿಸ್ಟೆಂಟ್ (ಮನೆಯ ಸ್ಮಾರ್ಟ್ ಸಾಧನ ನಿಯಂತ್ರಿಸೋ ಸಾಫ್ಟ್‌ವೇರ್) ಓಡ್ತಿದೆ, ಜಿಗ್ಬಿ (ಸ್ಮಾರ್ಟ್ ಬಲ್ಬ್‌ಗಳ ವೈರ್‌ಲೆಸ್ ಪದ್ಧತಿ) ಯುಎಸ್‌ಬಿ ಡಾಂಗಲ್ ಹಾಕಿ ಝಡ್‌ಎಚ್‌ಎ (ಹೋಮ್ ಅಸಿಸ್ಟೆಂಟ್‌ನಲ್ಲೇ ಇರೋ ಜಿಗ್ಬಿ ಸೌಲಭ್ಯ) ಬಳಸ್ತಿದೀನಿ. ಹೊಸ ಬಲ್ಬ್ ತಕ್ಷಣ ಸೇರ್ಕೊಳ್ತು, ಆದ್ರೆ ಫ್ರೆಂಡ್ ಕೊಟ್ಟ ಹಳೇ ಬಲ್ಬ್‌ಗಳು ಕಾಣಿಸ್ತಾನೇ ಇಲ್ಲ, ಅವು ಮೊದ್ಲು ಅವ್ನ ಬ್ರಿಡ್ಜ್‌ಗೆ (ಬಲ್ಬ್‌ಗಳನ್ನ ನಿಯಂತ್ರಿಸೋ ಕಂಪನಿ ಬಾಕ್ಸ್) ಪೇರ್ ಆಗಿದ್ವು, ಆ ಬ್ರಿಡ್ಜ್ ಈಗ ಕೆಟ್ಟೋಗಿದೆ, ಹಾಗಾಗಿ ಅಲ್ಲಿಂದ ಡಿಲೀಟ್ ಮಾಡೋಕೂ ದಾರಿಯಿಲ್ಲ. ಯುಎಸ್‌ಬಿ 3.0 ಪೋರ್ಟು ಜಿಗ್ಬಿ ಬಳಸೋ 2.4 ಗಿಗಾಹರ್ಟ್ಸ್ ಸಿಗ್ನಲ್ ಕೆಡಿಸುತ್ತೆ ಅಂತ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್ ದೂರ ಇಟ್ಟೆ, ಬಲ್ಬ್ ಅದ್ರ ಪಕ್ಕಕ್ಕೇ ತಂದೆ, ಸ್ವಿಚ್ ಆನ್-ಆಫ್ ಮಾಡಿ ಮಾಡಿ ಸಾಕಾಯ್ತು (ಮನೇಲಿ ಬೈಸ್ಕೊಂಡಿದ್ದು ಬೇರೆ). ಇನ್ನೂ ಹಳೇ ನೆಟ್‌ವರ್ಕ್‌ನಲ್ಲೇ ಅಂಟ್ಕೊಂಡಿವೆ ಅನ್ಸುತ್ತೆ.

ಗೊತ್ತಿರೋರು ಹೇಳಿ ಪ್ಲೀಸ್, ಝಡ್‌ಎಚ್‌ಎ ಬಿಟ್ಟು ಜಿಗ್ಬಿ2ಎಂಕ್ಯೂಟಿಟಿ ಅನ್ನೋ ಸಾಫ್ಟ್‌ವೇರ್‌ಗೆ ಬದಲಾಯಿಸಿದ್ರೆ ಟಚ್‌ಲಿಂಕ್‌ನಿಂದ (ಹತ್ರ ಇಟ್ಟು ಬಲ್ಬ್ ರೀಸೆಟ್ ಮಾಡೋ ಜಿಗ್ಬಿ ವಿಧಾನ) ರೀಸೆಟ್ ಆಗುತ್ತಾ, ಇಲ್ಲಾ ಅದೇ ಕಂಪನಿ ಡಿಮ್ಮರ್ ರಿಮೋಟ್ ತಗೊಳ್ಳಲೇಬೇಕಾ?