‘ಚರ್ಮಕ್ಕೆ’ ಅಂದರೆ ಎಲ್ಲಿಗೆ?

ಗೆಳೆಯರೇ,

ಯಲಹಂಕದ ಸುತ್ತ ಹಸು ಕಟ್ಟಿಕೊಂಡಿರುವವರಿಗೆಂದು ಲಸಿಕೆಯ ಕರಪತ್ರವೊಂದನ್ನು ತಿದ್ದುತ್ತಿದ್ದೇನೆ. ‘ಆರು ತಿಂಗಳಿಗೊಮ್ಮೆ ಹಸುವಿಗೆ ಇಂಜೆಕ್ಷನ್ ಹಾಕಿಸಿ’ ಎಂಬ ಸಾಲನ್ನು ಹಾಲಿನವರಿಗೆ ಓದಿದೆ. “ಬೆದೆಗೆ ಬಂದಾಗ ತಾನೇ ಸಾರ್ ಹಾಕ್ಸೋದು?” ಅಂದರು. ಕೊಟ್ಟಿಗೆಯಲ್ಲಿ ಇಂಜೆಕ್ಷನ್ ಅಂದರೆ ಕೃತಕ ಗರ್ಭಧಾರಣೆ! ಅದರಲ್ಲಿ ಸೂಜಿಯೇ ಇಲ್ಲ, ವೀರ್ಯದ ಕಡ್ಡಿ ತುಂಬಿದ ಗನ್ ಅಷ್ಟೇ. ಆ ಸಾಲು ಹೊಡೆದುಹಾಕಿ ‘ಕಾಲುಬಾಯಿ ಜ್ವರದ ಲಸಿಕೆ’ ಎಂದು ಬರೆದೆ, ಅದು ಮುಗಿಯಿತು.

(ಲಸಿಕೆಯ ಕಥೆಯೂ ಚೆನ್ನಾಗಿದೆ. ಸಂಸ್ಕೃತದ ‘ಲಸೀಕಾ’ ಮೈಯೊಳಗಿನ ನೀರಿನಂಥ ರಸ. ಹಿಂದಿಯಲ್ಲಿ ಈಗಲೂ ಅದೇ ಅರ್ಥ, ಚುಚ್ಚುವುದು ‘ಟೀಕಾ’. ನಾವು ಆ ರಸಕ್ಕೆ ದುಗ್ಧರಸ ಅಂದು, ಲಸಿಕೆಯನ್ನು ಮದ್ದಿಗೆ ಕೊಟ್ಟುಬಿಟ್ಟೆವು.)

ಬಗೆಹರಿಯದ್ದು ಇನ್ನೊಂದು. ಎಣ್ಣೆ ಬೆರೆಸಿದ ಕಾಲುಬಾಯಿ ಲಸಿಕೆಯನ್ನು ಸಾಮಾನ್ಯವಾಗಿ ಕತ್ತಿನ ಮಾಂಸಖಂಡಕ್ಕೆ ಇಳಿಸುತ್ತಾರೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಹಾಕುವ ಕಂದು ರೋಗದ (ಗರ್ಭಪಾತ ತರುವ ಬ್ರುಸೆಲ್ಲೋಸಿಸ್) ಲಸಿಕೆ, ಚರ್ಮಗಂಟು ರೋಗಕ್ಕೆಂದು ಕೊಡುವ ಮೇಕೆ ಸಿಡುಬಿನ ಲಸಿಕೆ, ಇವು ಚರ್ಮದ ಕೆಳಕ್ಕೆ. ಕರಡಿನಲ್ಲಿ ಇದ್ದದ್ದು ‘ಚರ್ಮಕ್ಕೆ ಕೊಡಬೇಕು’. ಆದರೆ ಕ್ಷಯದ ಪರೀಕ್ಷೆಗೆ ಚುಚ್ಚುವುದೂ ಚರ್ಮಕ್ಕೇ, ಅದು ಚರ್ಮದ ಪದರದೊಳಗೇ ನಿಲ್ಲಬೇಕು. ಒಂದು ‘ಕ್ಕೆ’ ಎರಡು ಜಾಗವನ್ನು ಹೇಳಿದರೆ ಹೇಗೆ?

ಮೊನ್ನೆ ಡಾಕ್ಟರ್ ಹಾಕುವುದನ್ನು ನಿಂತು ನೋಡಿದೆ. ಎಡಗೈಯ ಎರಡು ಬೆರಳಲ್ಲಿ ಕತ್ತಿನ ಚರ್ಮ ಚಿವುಟಿ ಎತ್ತಿದರು, ಅದು ಗುಡಾರದಂತೆ ಎದ್ದಿತು. ಅದರ ಬುಡಕ್ಕೆ ಸೂಜಿ ಓರೆಯಾಗಿ ತೂರಿಸಿ, ಮದ್ದು ಇಳಿಸಿ, ಹೆಬ್ಬೆರಳಲ್ಲಿ ಉಜ್ಜಿದರು. ಹಸು ಬಾಲ ಬೀಸಿತು, ಅಷ್ಟೇ. “ಏನಂತೀರಿ ಇದಕ್ಕೆ?” ಅಂದರೆ ಡಾಕ್ಟರು “ಸಬ್‌ಕ್ಯೂಟ್” (ಸಬ್‌ಕ್ಯೂಟೇನಿಯಸ್, ಚರ್ಮದ ಕೆಳಗೆ) ಅಂದರು, ಹಿಡಿದುಕೊಂಡಿದ್ದ ಹುಡುಗ “ಎತ್ತಿ ಹಾಕೋದು” ಅಂದ. ನನಗೆ ಹುಡುಗನದೇ ಹಿಡಿಸಿತು, ಆದರೆ ಅಚ್ಚಿನಲ್ಲಿ ಓದಿದವರಿಗೆ ಏನನ್ನು ಎತ್ತುವುದು ಎಂದು ತಿಳಿಯದು.

‘ತೊಗಲಡಿ’ ಅನ್ನಬಹುದೇ? ಮಾತು ಗಿಡ್ಡ, ಅರ್ಥವೂ ನೇರ. ಅಡ್ಡಿ ಒಂದೇ: ನನ್ನ ಕಿವಿಗೆ ತೊಗಲು ಅಂದರೆ ಸುಲಿದದ್ದು. ಬದುಕಿರುವ ಹಸುವಿನ ಮುಂದೆ ಆ ಪದ ಆಡಲು ಹಾಲಿನವರೂ ಹಿಂಜರಿದರು. ಧಾರವಾಡ, ಕಲಬುರಗಿ ಕಡೆಯವರಿಗೂ ಹಾಗೇ ಕೇಳಿಸುತ್ತದೆಯೇ? ನಿಮ್ಮೂರ ಕೊಟ್ಟಿಗೆಯಲ್ಲಿ ಇದಕ್ಕೆ ಬೇರೆ ಮಾತಿದ್ದರೆ ತಿಳಿಸಿ. ಸದ್ಯಕ್ಕೆ ‘ಚರ್ಮದಡಿಗೆ’ ಎಂದಿಟ್ಟಿದ್ದೇನೆ.