ಅಪ್ಪನಿಗೆ ಪಾರ್ಕಿನ್ಸನ್: ನಾಲ್ಕೈದು ಜನ ಸೇರಿ ವ್ಯಾಯಾಮ ಮಾಡಿದರೆ ಬೀಳೋದು ಕಡಿಮೆ ಆಗುತ್ತಾ?

ಸೇಡಂ ರೋಡಿನ ಮಗಳು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 69 ವರ್ಷ. ಹೈಸ್ಕೂಲಿನಲ್ಲಿ ಗಣಿತದ ಮಾಸ್ತರಾಗಿದ್ದರು. ಪಾರ್ಕಿನ್ಸನ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ಕೈ ನಡುಗುವುದು ಮಾತ್ರೆಯಿಂದ ಬಹಳ ಮಟ್ಟಿಗೆ ಹತೋಟಿಯಲ್ಲಿದೆ. ಆದರೆ ಎರಡು ತಿಂಗಳಲ್ಲಿ ಎರಡು ಸಲ ಬಿದ್ದಿದ್ದಾರೆ. ಮೊದಲ ಸಲ ಅಡುಗೆಮನೆ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಟ್ಟಿತು, ಮೈ ಮಾತ್ರ ಮುಂದಕ್ಕೆ ಹೋಯಿತು. ಎರಡನೇ ಸಲ ನನ್ನದೇ ತಪ್ಪು. ಹಿಂದಿನಿಂದ "ಅಪ್ಪಾ" ಅಂತ ಕರೆದೆ. ಗಕ್ಕನೆ ತಿರುಗಿದರು, ಹಾಗೇ ಹಿಂದಕ್ಕೆ ವಾಲಿ ಬಿದ್ದರು. ಪೆಟ್ಟು ಜಾಸ್ತಿ ಆಗಲಿಲ್ಲ. ಆದರೆ ಅವತ್ತಿನಿಂದ ಬಾಗಿಲಾಚೆ ಹೋಗೋಣ ಅಂದರೆ ಒಲ್ಲೆ ಅನ್ನುತ್ತಾರೆ.

ಫಿಜಿಯೊ ಬರೆದುಕೊಟ್ಟ ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದೇನೆ. ನಾನು ಎದುರು ನಿಂತರೆ ಐದು ನಿಮಿಷ ಮಾಡುತ್ತಾರೆ, ಆಮೇಲೆ "ಸಾಕವ್ವಾ" ಅಂತ ಕೂತುಬಿಡುತ್ತಾರೆ. ನಮ್ಮ ಓಣಿಯಲ್ಲೇ ಇನ್ನೂ ಇಬ್ಬರಿಗೆ ಇದೇ ಕಾಯಿಲೆ ಇದೆಯಂತೆ, ಮೊನ್ನೆ ಮೆಡಿಕಲ್ ಅಂಗಡಿಯಲ್ಲಿ ಗೊತ್ತಾಯಿತು. ಎಲ್ಲರನ್ನೂ ಸೇರಿಸಿ ಮಾಡಿಸಬಹುದಾ? ಸುಮ್ನೆ ಜೊತೆ ಸಿಗುತ್ತೆ ಅನ್ನೋದಷ್ಟೇನಾ, ಇಲ್ಲಾ ನಿಜವಾಗಿ ಬ್ಯಾಲೆನ್ಸ್ ಸುಧಾರಿಸುತ್ತಾ? ಒಬ್ಬರು ಬಿದ್ದು ಇನ್ನೊಬ್ಬರನ್ನೂ ಕೆಡವಿದರೆ ಅನ್ನೋ ಭಯ ಬೇರೆ.

ಬೀದರ್ ಫಿಜಿಯೊ

ಸುಧಾರಿಸುತ್ತೆ ಮೇಡಂ. ಮಾತ್ರೆ ನಡುಕಕ್ಕೆ, ಬಿಗಿತಕ್ಕೆ ಕೆಲಸ ಮಾಡಿದಷ್ಟು ಬ್ಯಾಲೆನ್ಸಿಗೆ ಮಾಡುವುದಿಲ್ಲ. ಅದಕ್ಕೇ ವ್ಯಾಯಾಮ ಬೇಕೇ ಬೇಕು. ಅಮೆರಿಕದ ಆರಿಗನ್‌ನಲ್ಲಿ 195 ಜನ ರೋಗಿಗಳನ್ನು ಮೂರು ಗುಂಪು ಮಾಡಿ ನೋಡಿದ ಒಂದು ಅಧ್ಯಯನ 2012ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಒಂದು ಗುಂಪಿಗೆ ತೈ ಚಿ (ನಿಧಾನವಾಗಿ ಮೈ ಆಡಿಸುವ ಚೀನಾದ ವ್ಯಾಯಾಮ), ಒಂದಕ್ಕೆ ತೂಕ ಕಟ್ಟಿಕೊಂಡು ಮಾಡುವ ವ್ಯಾಯಾಮ, ಇನ್ನೊಂದಕ್ಕೆ ಸ್ಟ್ರೆಚಿಂಗ್. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ. ತೈ ಚಿ ಮಾಡಿದವರ ಬ್ಯಾಲೆನ್ಸ್ ಉಳಿದ ಎರಡೂ ಗುಂಪಿಗಿಂತ ಚೆನ್ನಾಯಿತು. ಸ್ಟ್ರೆಚಿಂಗ್ ಮಾಡಿದವರಿಗಿಂತ ಅವರು ಬಿದ್ದದ್ದೂ ಕಡಿಮೆ. ನಿಲ್ಲಿಸಿ ಮೂರು ತಿಂಗಳಾದ ಮೇಲೂ ಆ ಗುಣ ಉಳಿದಿತ್ತು.

ತೈ ಚಿ ಕಲಿಸುವವರು ನಮ್ಮ ಕಡೆ ಸಿಗಲಿಲ್ಲ ಅಂದರೂ ಚಿಂತೆ ಇಲ್ಲ. ಅದರ ಒಳಗಿರೋದು ಇಷ್ಟು: ಮೈಭಾರವನ್ನು ನಿಧಾನವಾಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾಕುವುದು, ಬೀಳುತ್ತೇನೆ ಅನ್ನಿಸುವ ಅಂಚಿನ ತನಕ ಬಾಗಿ ವಾಪಸ್ ಬರುವುದು, ಮುಂದೆ, ಹಿಂದೆ, ಪಕ್ಕಕ್ಕೆ ಹೆಜ್ಜೆ ಇಡುವುದು.

ಶುರು ಮಾಡುವ ಮುಂಚೆ ಬಿಪಿ ಎರಡು ಸಲ ನೋಡಿಸಿ. ಮಲಗಿದ್ದಾಗ ಒಂದು ಸಲ, ಎದ್ದು ನಿಂತು ಮೂರು ನಿಮಿಷದೊಳಗೆ ಇನ್ನೊಂದು ಸಲ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಮೊದಲು ಡಾಕ್ಟರಿಗೆ ಹೇಳಿ. ಪಾರ್ಕಿನ್ಸನ್‌ನಲ್ಲಿ ಇದು ಸಾಮಾನ್ಯ, ಬೀಳುವುದಕ್ಕೆ ಇದೂ ಒಂದು ಕಾರಣ ಆಗುತ್ತೆ.

ಬ್ರಹ್ಮಪುರದ ಅಕ್ಕ, ಕಲಬುರಗಿ

ತಂಗಿ, ನಿಮ್ಮ ಪ್ರಶ್ನೆ ಓದಿ ಸುಮ್ಮನೆ ಇರೋಕೆ ಆಗಲಿಲ್ಲ. ಹೊಸ್ತಿಲಲ್ಲಿ ಕಾಲು ಅಂಟುವುದು, ತಿರುಗುವಾಗ ಹಿಂದಕ್ಕೆ ವಾಲುವುದು, ಎರಡೂ ನಮ್ಮ ಮನೆಯಲ್ಲಿ ಕಂಡಿದ್ದೇ. ನಮ್ಮನೆಯವರಿಗೆ ಈ ಕಾಯಿಲೆ ಬಂದು 9 ವರ್ಷ. 3 ವರ್ಷದಿಂದ ನಮ್ಮ ಅಂಗಳದಲ್ಲಿ ಸೋಮವಾರ, ಬುಧವಾರ, ಶುಕ್ರವಾರ ಆರು ಜನ ಸೇರುತ್ತಾರೆ.

ಒಂದು ದಿನ ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯುತ್ತಾ ಕೂತಿದ್ದೆ. ಅವರು ಪಡಸಾಲೆಯಿಂದ ಅಡುಗೆಮನೆ ಕಡೆ ಬರುತ್ತಿದ್ದರು. ದಿನಾ ಹೊಸ್ತಿಲಲ್ಲಿ ನಿಂತುಬಿಡುವವರು ಅವತ್ತು ಸರಾಗವಾಗಿ ದಾಟಿ ಒಳಗೆ ಬಂದರು. ನಾನು ಹಿಟ್ಟು ಉದುರಿಸೋಕೆ ಕೈ ನಿಲ್ಲಿಸಿದೆ. ಅವರ ಕಾಲೂ ನಿಂತಿತು. ಮತ್ತೆ ಬಡಿದೆ, ಮತ್ತೆ ನಡೆದರು. ಮೂರು ಸಲ ಹಾಗೇ ಮಾಡಿ ನೋಡಿದೆ. ತವೆ ಮೇಲಿನ ರೊಟ್ಟಿ ಕರಕಾಯಿತು, ನನಗೆ ಕಣ್ಣಲ್ಲಿ ನೀರು. ಫಿಜಿಯೊ ಹತ್ತಿರ ಹೇಳಿದಾಗ ಅವರಿಗೆ ಆಶ್ಚರ್ಯ ಆಗಲಿಲ್ಲ. ಯೋಚನೆ ಮಾಡದೆ ತಾನಾಗಿ ನಡೆಯುವುದನ್ನು ನೋಡಿಕೊಳ್ಳುವ ಮಿದುಳಿನ ಭಾಗ ಈ ಕಾಯಿಲೆಯಲ್ಲಿ ಸೋತಿರುತ್ತದಂತೆ. ಹೊರಗಿನಿಂದ ತಾಳ ಸಿಕ್ಕರೆ, ಇಲ್ಲವೇ ಕಣ್ಣೆದುರು ದಾಟಲು ಒಂದು ಗೆರೆ ಕಂಡರೆ, ಹೆಜ್ಜೆ ಮಿದುಳಿನ ಬೇರೆ ದಾರಿ ಹಿಡಿದು ಬರುತ್ತದೆ ಅಂದರು.

ನಮ್ಮ ಅಂಗಳಕ್ಕೆ ಹಾಸಿರುವುದು ಶಹಾಬಾದ್ ಫರ್ಸಿ. ಎರಡು ಕಲ್ಲಿನ ನಡುವಿನ ಸಂದು ಚೆನ್ನಾಗಿ ಕಾಣುತ್ತದೆ. ಆದರೆ ಒಂದು ಹೆಜ್ಜೆಗೆ ಆ ಕಲ್ಲು ದೊಡ್ಡದಾಯಿತು. ಅದಕ್ಕೆ ಪ್ರತಿ ಕಲ್ಲಿನ ನಡುವೆ ಸೀಮೆಸುಣ್ಣದಲ್ಲಿ ಒಂದೊಂದು ಗೆರೆ ಎಳೆದೆ. ಗೆರೆ ದಾಟಿಸಿ ಹಿಮ್ಮಡಿ ಮೊದಲು ಊರಬೇಕು, ಅಷ್ಟೇ. ತಾಳಕ್ಕೆ ಒಬ್ಬ ಕಾಕಾ ಇದ್ದಾರೆ, ಭಜನೆ ಮಂಡಳಿಯಲ್ಲಿ ಹಾಡಿದವರು. ಅವರಿಗೂ ಇದೇ ಕಾಯಿಲೆ. ಸುಮ್ನೆ ಕೂತಾಗ ಬಲಗೈ ನಡುಗುತ್ತಲೇ ಇರುತ್ತದೆ, ತಾಳ ಹಿಡಿದ ಕೂಡಲೇ ಕಮ್ಮಿ ಆಗುತ್ತದೆ.

ಮನೆಯಲ್ಲಿ ಒಬ್ಬರೇ ಮಾಡುವುದಕ್ಕೂ ಇದಕ್ಕೂ ಬಹಳ ಫರಕ್ ಇದೆ ತಂಗಿ. ನಮ್ಮನೆಯವರೂ ನಿಮ್ಮ ಅಪ್ಪನ ಹಾಗೇ ಐದು ನಿಮಿಷಕ್ಕೆ ಸಾಕು ಅನ್ನುತ್ತಿದ್ದರು. ಇಲ್ಲಿ ಪಕ್ಕದಲ್ಲಿ ತಮಗಿಂತ ಹತ್ತು ವರ್ಷ ದೊಡ್ಡವರು ಮೊಣಕಾಲು ಎತ್ತುತ್ತಿದ್ದರೆ ಕೂರೋಕೆ ಮನಸ್ಸಾಗುವುದಿಲ್ಲ. ಎಲ್ಲರೂ ಜೋರಾಗಿ ಎಣಿಸುತ್ತಾರೆ, ಅದರಿಂದ ಸಣ್ಣಗಾಗಿದ್ದ ದನಿಯೂ ಏಳುತ್ತದೆ. ಜನ ನೋಡುತ್ತಾರೆ ಅಂತ ನಮ್ಮನೆಯವರು ಪಬ್ಲಿಕ್ ಗಾರ್ಡನ್ನಿಗೆ ಹೋಗೋದನ್ನೇ ಬಿಟ್ಟಿದ್ದರು. ಈ ಆರು ಜನರ ನಡುವೆ ಯಾರೂ ಯಾರ ಕೈಯನ್ನೂ ನೋಡುವುದಿಲ್ಲ.

ಹೊತ್ತು ಬಹಳ ಮುಖ್ಯ. ಮಾತ್ರೆ ಕೆಲಸ ಮಾಡುತ್ತಿರುವಾಗಲೇ ಮಾಡಿಸಬೇಕು. ನಮ್ಮವರಿಗೆ 5:45ಕ್ಕೆ ಮಾತ್ರೆ, 6:30ಕ್ಕೆ ವ್ಯಾಯಾಮ. ನಮ್ಮೂರ ಬಿಸಿಲು ಗೊತ್ತಲ್ವಾ, ಏಪ್ರಿಲ್ ಬಂತೆಂದರೆ ಎಂಟು ಗಂಟೆಗೇ ಫರ್ಸಿ ಕಾಯುತ್ತದೆ. ಹಾಲು, ಬೇಳೆ, ಮೊಟ್ಟೆ ಜೊತೆ ಮಾತ್ರೆ ತೆಗೆದುಕೊಂಡರೆ ಕೆಲವರಿಗೆ ಅದು ಸರಿಯಾಗಿ ಹತ್ತುವುದಿಲ್ಲ. ಅದಕ್ಕೆ ನಾವು ತಿನ್ನುವುದಕ್ಕಿಂತ ಅರ್ಧ ಗಂಟೆ ಮುಂಚೆಯೇ ಬರೀ ನೀರಲ್ಲಿ ಕೊಡುತ್ತೇವೆ. ನಿಮ್ಮ ಅಪ್ಪನ ಹೊತ್ತನ್ನು ಡಾಕ್ಟರ ಹತ್ತಿರ ಕೇಳಿಕೊಳ್ಳಿ.

ಮೊದಲು ಕುರ್ಚಿಯಿಂದ ಹತ್ತು ಸಲ ಎದ್ದು ಕೂರುತ್ತಾರೆ. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ ಏಳಬೇಕು, ಇಲ್ಲದಿದ್ದರೆ ಹಿಂದಕ್ಕೇ ಕುಸಿಯುತ್ತಾರೆ. ಮರದ ಕುರ್ಚಿ, ಗೋಡೆಗೆ ಒತ್ತಿ ಇಟ್ಟಿರಬೇಕು. ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ, ಜಾರುತ್ತದೆ. ಆಮೇಲೆ ಬೀದರ್ ಸರ್ ಹೇಳಿದ ಹಾಗೆ ಭಾರ ಬದಲಾಯಿಸುವುದು, ಗೆರೆ ದಾಟುವುದು. ತಿರುಗುವುದನ್ನು ಬೇರೆಯಾಗಿಯೇ ಕಲಿಸುತ್ತೇವೆ. ನಿಂತಲ್ಲೇ ತಿರುಗಬಾರದು, ಎತ್ತಿನ ಗಾಡಿ ತಿರುಗಿದ ಹಾಗೆ ದೊಡ್ಡ ಸುತ್ತು ಹಾಕಬೇಕು. ಮನೆಯಲ್ಲಿ ನೀವೂ ಹಿಂದಿನಿಂದ ಕರೆಯಬೇಡಿ, ಎದುರಿಗೆ ಬಂದು ಮಾತಾಡಿಸಿ.

ಕೊನೆಗೆ ನಡೆಯುತ್ತಾ ಮಾತಾಡುವುದು. ಒಬ್ಬರು ರೈಲ್ವೆಯಲ್ಲಿದ್ದವರು. ಹೆಜ್ಜೆಗೊಂದು ಸ್ಟೇಷನ್ ಹೇಳಿಸುತ್ತಾರೆ: ಹಿರೇನಂದೂರು, ಮರತೂರು, ಶಹಾಬಾದ್, ವಾಡಿ. ಮೊದಮೊದಲು ಮರತೂರು ಬರುವಷ್ಟರಲ್ಲಿ ಎಲ್ಲರ ಕಾಲೂ ನಿಲ್ಲುತ್ತಿತ್ತು. ಎರಡು ಕೆಲಸ ಒಟ್ಟಿಗೆ ಮಾಡುವುದು ಅವರಿಗೆ ಅಷ್ಟು ಕಷ್ಟ. ಹೆಜ್ಜೆ ಗಟ್ಟಿಯಾದ ಮೇಲಷ್ಟೇ ಇದನ್ನು ಮಾಡಿಸಿ.

ನಿಮ್ಮ ಭಯಕ್ಕೆ ಉತ್ತರ. ಒಬ್ಬೊಬ್ಬರಿಗೆ ಮನೆಯವರೊಬ್ಬರು ಇರಲೇಬೇಕು, ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ. ಕೈ ಹಿಡಿದು ಮುಂದಕ್ಕೆ ಎಳೆಯಬಾರದು. ಇಬ್ಬರ ನಡುವೆ ಎರಡು ಮಾರು ಜಾಗ ಬಿಡಿ. ಇಷ್ಟೆಲ್ಲ ಮಾಡಿಯೂ ಎರಡನೇ ತಿಂಗಳಲ್ಲಿ ಒಬ್ಬರು ಬಿದ್ದರು. ನಾನು ಅಂಗಳ ತೊಳೆದು, ನೀರು ಪೂರ್ತಿ ಆರುವ ಮುಂಚೆ ಶುರು ಮಾಡಿಸಿದ್ದೆ. ಒದ್ದೆ ಫರ್ಸಿ ಜಾರುತ್ತದೆ ಅಂತ ಗೊತ್ತಿದ್ದೂ ಆತುರ ಮಾಡಿದೆ. ಅವರ ಮೊಣಕೈ ತರಚಿತು. ಅವತ್ತಿನಿಂದ ಸಂಜೆಯೇ ತೊಳೆಯುತ್ತೇನೆ.

ಅಡುಗೆಮನೆ ಕ್ಯಾಲೆಂಡರಿನಲ್ಲಿ ನಮ್ಮನೆಯವರು ಬಿದ್ದ ದಿನಕ್ಕೆ ಕೆಂಪು ಗುರುತು ಹಾಕುತ್ತೇನೆ. ಶುರು ಮಾಡುವ ಮುಂಚಿನ ವರ್ಷ ಏಳು ಗುರುತು. ಹೋದ ವರ್ಷ ಎರಡು. ಕಾಯಿಲೆ ನಿಂತಿಲ್ಲ, ಮಾತ್ರೆ ಜಾಸ್ತಿ ಆಗಿದೆ. ದೀಪಾವಳಿಗೆ ಎರಡು ವಾರ ಬಿಟ್ಟಾಗ ಕಾಲು ಮತ್ತೆ ಎಳೆಯೋಕೆ ಶುರುವಾಯಿತು. ಬಿಡುವ ಹಾಗಿಲ್ಲ.

ಒಂದು ದಿನ ಅಪ್ಪನನ್ನು ಕರೆದುಕೊಂಡು ಬನ್ನಿ. ಅವರು ಏನೂ ಮಾಡಬೇಕಾಗಿಲ್ಲ, ಕೂತು ನೋಡಲಿ.

ಯಾದಗಿರಿಯ ಮಗ

ಅಕ್ಕಾ, ನಮ್ಮ ಅವ್ವನಿಗೆ ಹಿಡಿದುಕೊಳ್ಳದೆ ನಿಲ್ಲೋಕೆ ಆಗುವುದಿಲ್ಲ. ಇಂಥವರನ್ನೂ ಗುಂಪಿಗೆ ಸೇರಿಸಬಹುದಾ?

ಬೀದರ್ ಫಿಜಿಯೊ

ಸೇರಿಸಬಹುದು, ಆದರೆ ಕುರ್ಚಿಯಲ್ಲೇ ಕೂರಿಸಿ. ಕೈ ದೊಡ್ಡದಾಗಿ ಚಾಚುವುದು, ಸೊಂಟದಿಂದ ತಿರುಗಿ ಪಕ್ಕದವರಿಗೆ ಚೆಂಡು ಕೊಡುವುದು, ಕೂತಲ್ಲೇ ತಾಳಕ್ಕೆ ಹೆಜ್ಜೆ ಹಾಕುವುದು. ನಿಲ್ಲಿಸುವುದನ್ನು ಗುಂಪಿನಲ್ಲಿ ಪ್ರಯತ್ನಿಸಬೇಡಿ. ಅದನ್ನು ಒಬ್ಬ ಫಿಜಿಯೊ ಅವರ ಜೊತೆಗೇ ನಿಂತು ಮಾಡಿಸಲಿ.

ಸೇಡಂ ರೋಡಿನ ಮಗಳು, ಕಲಬುರಗಿ

ಎಲ್ಲರಿಗೂ ಬಹಳ ಉಪಕಾರ ಆಯಿತು. ಬಿಪಿ ನೋಡಿಸಿದೆವು. ಮಲಗಿದ್ದಾಗ 132, ನಿಂತಾಗ 106. ನಮಗೆ ಇದು ಗೊತ್ತೇ ಇರಲಿಲ್ಲ. ಡಾಕ್ಟರು ಬಿಪಿ ಮಾತ್ರೆ ಬದಲಾಯಿಸಿದ್ದಾರೆ, ಏಳುವ ಮುಂಚೆ ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂರಬೇಕು ಅಂದಿದ್ದಾರೆ.

ನಿನ್ನೆ ಅಕ್ಕನ ಅಂಗಳಕ್ಕೆ ಹೋಗಿದ್ದೆವು. ಅಪ್ಪ ಗೋಡೆ ಪಕ್ಕ ಕೂತು ನೋಡುತ್ತಿದ್ದರು. ಎಣಿಸುವಾಗ ಒಬ್ಬರು ಏಳು ಆದಮೇಲೆ ಒಂಬತ್ತು ಅಂದರು. ಅಪ್ಪ ಕೂತಲ್ಲಿಂದಲೇ "ಎಂಟು" ಅಂದರು, ಕ್ಲಾಸಿನಲ್ಲಿ ಹೇಳುತ್ತಿದ್ದ ದನಿಯಲ್ಲಿ. ಆ ದನಿ ಕೇಳಿ ಎಷ್ಟು ದಿನ ಆಗಿತ್ತೋ. ಹತ್ತರ ತನಕ ಅವರೇ ಎಣಿಸಿದರು.

ಅಕ್ಕಾ, ಸೋಮವಾರ ಬರುತ್ತೇವೆ. ಗೆರೆ ಎಳೆಯೋಕೆ ಸೀಮೆಸುಣ್ಣ ತರಬೇಡಿ. ಅಪ್ಪನ ಕಪಾಟಿನಲ್ಲಿ ಒಂದು ಡಬ್ಬಿ ಹಾಗೇ ಇದೆ.