ಹೆಸರಿಗೆಷ್ಟು, ಕೈಗೆಷ್ಟು?

ಏಪ್ರಿಲ್ ಬಂತೆಂದರೆ ಡಲ್ಲಾಸಿನ ಉತ್ತರಕ್ಕಿರುವ ಪ್ಲೇನೊ, ಫ್ರಿಸ್ಕೊ ಕಡೆಯ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಯಾರ ಮಗುವಿಗೆ ಯಾವ ಕಾಲೇಜು. ಮೇ 1ರೊಳಗೆ ಡಿಪಾಸಿಟ್ ಕಟ್ಟಬೇಕು. ಅಲ್ಲಿಯವರೆಗೆ ಯಾರ ಮನೆಗೆ ಹೋದರೂ ಉಪ್ಪಿಟ್ಟಿನ ಪಕ್ಕದಲ್ಲಿ ಎಕ್ಸೆಲ್ ಶೀಟನ್ನೂ ಬಡಿಸುತ್ತಾರೆ.

ಗೌಡ್ರ ಮನೆಯಲ್ಲಿ ಮಗಳಿಗಾಗಿ ಮಾಡಿದ ಶೀಟಿನಲ್ಲಿ ಎರಡೇ ಸಾಲು. ಮೊದಲನೆಯದು ನ್ಯೂಯಾರ್ಕ್ ಯೂನಿವರ್ಸಿಟಿಯ ಸ್ಟರ್ನ್ ಬಿಸಿನೆಸ್ ಸ್ಕೂಲ್: ವರ್ಷದ ಖರ್ಚು 90 ಸಾವಿರ ಡಾಲರಿನ ಮೇಲೆ, ಸ್ಕಾಲರ್‌ಶಿಪ್ ಸೊನ್ನೆ. ಎರಡನೆಯದು ಮನೆಯಿಂದ ಕಾರಿನಲ್ಲಿ ಇಪ್ಪತ್ತು ನಿಮಿಷದ ಯೂನಿವರ್ಸಿಟಿ ಆಫ್ ಟೆಕ್ಸಸ್, ಡಲ್ಲಾಸಿನ ಜಿಂದಾಲ್ ಸ್ಕೂಲ್: ಟ್ಯೂಷನ್ ಪೂರ್ತಿ ಮಾಫಿ, ಮೇಲೆ ಕೈಖರ್ಚಿಗೂ ಒಂದಿಷ್ಟು. ಸಲಹೆ ಕೇಳೋದಕ್ಕೆ ಅಂತ ಗೌಡ್ರು ನಮ್ಮನ್ನೆಲ್ಲ ಭಾನುವಾರ ಊಟಕ್ಕೆ ಕರೆದಿದ್ದರು. ಸಲಹೆ ಅಂದರೆ, ಅವರು ಆಗಲೇ ಮಾಡಿಕೊಂಡಿದ್ದ ತೀರ್ಮಾನಕ್ಕೆ ನಾವು ತಲೆಯಾಡಿಸೋದು.

"ಸ್ಟರ್ನೇ ಕಣ್ರೀ," ಅಂದರು ಗೌಡ್ರು, ಬಾಳೆಕಾಯಿ ಬಜ್ಜಿಯ ತಟ್ಟೆ ಮುಂದಕ್ಕೆ ತಳ್ಳುತ್ತ. "ಮಂಡ್ಯದಲ್ಲಿ ನಮ್ಮಪ್ಪ ನಾಲ್ಕು ಜನಕ್ಕೆ ಹೇಳ್ಕೊಳ್ಳೋ ಹಂಗಿರ್ಬೇಕು."

"ನಿಮ್ಮ ಅಪ್ಪಾರಿಗೆ ಸ್ಟರ್ನ್ ಗೊತ್ತದ ಏನ್ರೀ?" ಧಾರವಾಡದ ಜೋಶಿಯವರ ಪ್ರಶ್ನೆ.

"ನ್ಯೂಯಾರ್ಕ್ ಗೊತ್ತು."

"ಡಲ್ಲಾಸ್?"

"ಡಲ್ಲಾಸ್ ಅಂದ್ರೆ ಮಗ ಇರೋ ಊರು. ಅದ್ರಲ್ಲಿ ಏನ್ ಹೆಚ್ಚುಗಾರಿಕೆ?"

ಒಳಗಿಂದ ಗೌಡ್ರ ಹೆಂಡತಿ ಸುಮಕ್ಕ ಕೂಗಿದರು: "ಆ ದೊಡ್ಡ ಹೆಸರಿನ ಬಿಸಿನೆಸ್ ಸ್ಕೂಲು, ವಾರ್ಟನ್‌ಗೂ ಹಾಕಿದ್ವಿ ಅಂತ ಹೇಳಿ. ಆಗ್ಲಿಲ್ಲ ಅಂತಾನೂ ಹೇಳಿ."

ಗೌಡ್ರು ಹೇಳಲಿಲ್ಲ. ಬಜ್ಜಿ ತಿಂದರು.

ಕುಂದಾಪುರದ ಶೆಟ್ರು ಇಷ್ಟು ಹೊತ್ತು ಸುಮ್ಮನಿದ್ದವರು, ಒಂದು ಮೂಲಭೂತ ಸಂಶಯ ತೆಗೆದರು. "ಸ್ಟರ್ನ್ ಅಂದ್ರೆ ಯಾರು ಮಾರಾಯ್ರೆ?"

ಇಂಥ ಪ್ರಶ್ನೆಗೇ ಭಟ್ಟರು ಕಾಯುತ್ತಿರುತ್ತಾರೆ. ಶಿರಸಿಯಲ್ಲಿ ಬಿ.ಕಾಂ. ಮಾಡಿ, ಇಲ್ಲಿ ಬಂದು ಸಿಪಿಎ (ಇಲ್ಲಿನ ಸಿಎ) ಆಗಿ, ಊರವರ ಟ್ಯಾಕ್ಸೆಲ್ಲ ನೋಡುವ ಮನುಷ್ಯ. "ಲೆನಾರ್ಡ್ ಸ್ಟರ್ನ್. 1988ರಲ್ಲಿ 30 ಮಿಲಿಯನ್ ಡಾಲರ್ ಕೊಟ್ಟ, ಸ್ಕೂಲಿಗೆ ಅವನ ಹೆಸರು ಬಂತು. ಅವರದು ಹಾರ್ಟ್ಜ್ ಮೌಂಟನ್ ಕಂಪನಿ. ಅಪ್ಪ ಜರ್ಮನಿಯಿಂದ ಹಡಗಲ್ಲಿ ಕ್ಯಾನರಿ ಹಕ್ಕಿ ತಗೊಂಡು ಬಂದು ಮಾರಿದವ. ಆಮೇಲೆ ಹಕ್ಕಿಗೆ ಕಾಳು, ನಾಯಿ-ಬೆಕ್ಕಿನ ಸಾಮಾನು, ಆಮೇಲೆ ರಿಯಲ್ ಎಸ್ಟೇಟು."

"ಮಿಶಿಗನ್‌ನ ರಾಸ್ ಸ್ಕೂಲೂ ಹಂಗೇ ಅಲ್ವಾ?" ಅಂದೆ ನಾನು.

"2004ರಲ್ಲಿ 100 ಮಿಲಿಯನ್. ಅವನದೂ ರಿಯಲ್ ಎಸ್ಟೇಟೇ."

ಶೆಟ್ರು ಕಾಫಿ ಲೋಟ ಕೆಳಗಿಟ್ಟರು. "ಅಲ್ಲ ಮಾರಾಯ್ರೆ, ಆ ಹೆಸರಿಗೆ ಒಬ್ರು ಆಗ್ಲೇ ದುಡ್ಡು ಕೊಟ್ಟಾಯ್ತಲ್ಲ. ಅದೇ ಹೆಸರಿಗೆ ಗೌಡ್ರು ಮತ್ತೊಂದ್ ಸಲ ಯಾಕೆ ಕೊಡುದು?"

ಜೋಶಿಯವರು ನಕ್ಕಿದ್ದಕ್ಕೆ ಬಜ್ಜಿ ಗಂಟಲಿಗೆ ಸಿಕ್ಕಿ, ಸುಮಕ್ಕ ನೀರು ತರಬೇಕಾಯಿತು. ಗೌಡ್ರಿಗೆ ಸಿಟ್ಟು ಬಂತು. "ಹಂಗಾರೆ ಜಿಂದಾಲ್ ಏನ್ ಸೀಮೆಗಿಲ್ಲದ್ದು? ನಮ್ ತೋರಣಗಲ್ಲಿನ ಉಕ್ಕಿನ ಫ್ಯಾಕ್ಟರಿಯವ್ನ ಹೆಸ್ರು. ಬಳ್ಳಾರಿ ಧೂಳಿಗೆ ಹೆಸರಾದವ್ರು!"

"ಅದು ಅಣ್ಣಂದು, ಸಜ್ಜನ್ ಜಿಂದಾಲ್," ಭಟ್ಟರು ತಿದ್ದಿದರು. "ಇವರು ತಮ್ಮ, ನವೀನ್. ಇಲ್ಲೇ ಡಲ್ಲಾಸಲ್ಲೇ ಎಂಬಿಎ ಓದಿದವರು. ಭಾರತದಲ್ಲಿ ಸಾಮಾನ್ಯರೂ ರಾಷ್ಟ್ರಧ್ವಜ ಹಾರಿಸಬಹುದು ಅಂತ ಸುಪ್ರೀಂ ಕೋರ್ಟಿನ ತನಕ ಹೋಗಿ 2004ರಲ್ಲಿ ಗೆದ್ದವರು ಅವರೇ. ಸ್ಕೂಲಿಗೆ ಹೆಸರು ಬಂದಿದ್ದು 2011ರಲ್ಲಿ."

ನೋಡಿ, ಪ್ರತಿಷ್ಠೆ ಅನ್ನೋದು ಹೀಗಿರುತ್ತದೆ. ಹಕ್ಕಿಕಾಳಿನ ಹೆಸರು ನ್ಯೂಯಾರ್ಕಿನಲ್ಲಿದ್ದರೆ ಗೌರವ. ಉಕ್ಕಿನ ಹೆಸರು ಮನೆ ಪಕ್ಕದಲ್ಲಿದ್ದರೆ ಧೂಳು.

ಗೌಡ್ರು ಈಗ ನ್ಯಾಯದ ದಾರಿ ಹಿಡಿದರು. ಮಗಳು ಕ್ಲಾಸಿಗೇ ಮೇಲಿನ ಸಾಲಿನಲ್ಲಿದ್ದಾಳೆ, ಹಾಗಿದ್ದ ಮೇಲೆ ಸ್ಟರ್ನ್‌ನವರು ಒಂದು ಪೈಸೆಯನ್ನೂ ಯಾಕೆ ಬಿಡಲಿಲ್ಲ?

"ಬುದ್ಧಿವಂತರು ಅಲ್ಲಿ ಅಗ್ಗ ಗೌಡ್ರೆ," ಅಂದರು ಭಟ್ಟರು. "ಐವಿ ಲೀಗ್ ಅನ್ನೋ ಹಳೇ ದೊಡ್ಡ ಹೆಸರಿನ ಎಂಟು ಯೂನಿವರ್ಸಿಟಿಯೂ ಅಂಕ ನೋಡಿ ಒಂದು ಡಾಲರ್ ಕೊಡೋದಿಲ್ಲ. ಅದರಲ್ಲೇ ಬರೋ ವಾರ್ಟನ್ ಸಿಕ್ಕಿದ್ದರೂ ಇದೇ ಕಥೆ. ಮನೆ ಆದಾಯ ನೋಡಿ ಮಾತ್ರ ಕೊಡೋದು. ಕರೆಯದೇ ಬರೋರಿಗೆ ಯಾರು ರಿಯಾಯಿತಿ ಕೊಡ್ತಾರೆ? ಹೆಸರು ಇನ್ನೂ ಬೆಳೀಬೇಕಾದ ಕಾಲೇಜು ದುಡ್ಡು ಕೊಟ್ಟು ಒಳ್ಳೆ ಹುಡುಗರನ್ನ ಕರ್ಕೊಳ್ಳತ್ತೆ. ಇದೇ ಡಲ್ಲಾಸಿನವರು ಚೆಸ್ ಆಡೋರಿಗೂ ಸ್ಕಾಲರ್‌ಶಿಪ್ ಕೊಡ್ತಾರೆ."

"ಮತ್ತೆ ಖಾಸಗಿ ಕಾಲೇಜುಗಳಲ್ಲಿ ಅಷ್ಟು ಜನಕ್ಕೆ ಸ್ಕಾಲರ್‌ಶಿಪ್ ಸಿಗೋದು?"

"ಅದು ಚಿಕ್ಕಪೇಟೆ ಸೀರೆ ಅಂಗಡಿ ಬೋರ್ಡು. ಮೊದಲು ದೊಡ್ಡ ಬೆಲೆ ಅಂಟಿಸೋದು, ಆಮೇಲೆ ನಿಮ್ಮ ಮುಖ ನೋಡಿ ಕಡಿಮೆ ಮಾಡೋದು. ಖಾಸಗಿ ಕಾಲೇಜುಗಳು ಸರಾಸರಿ ಅರ್ಧಕ್ಕಿಂತ ಹೆಚ್ಚು ಟ್ಯೂಷನ್ ಬಿಟ್ಟೇ ಮೊದಲ ವರ್ಷದವರನ್ನ ಸೇರಿಸಿಕೊಳ್ಳೋದು. ಅದಕ್ಕೇ ಸ್ಕಾಲರ್‌ಶಿಪ್ ಎಷ್ಟು ಬಂತು ಅಂತ ಕುಣೀಬಾರದು. ಕೊನೆಗೆ ಕೈಯಿಂದ ಹೋಗೋದೆಷ್ಟು ಅಂತ ನೋಡಬೇಕು."

ಆದಾಯದ ಲೆಕ್ಕದಲ್ಲಿ ಗೌಡ್ರಿಗೆ ಏನೂ ಹುಟ್ಟಲಿಲ್ಲ. ಗಂಡ-ಹೆಂಡತಿ ಇಬ್ಬರಿಗೂ ಐಟಿ ಸಂಬಳ. ಸರಕಾರದ ನೆರವಿಗೆ ಹಾಕುವ ಫಾಫ್ಸಾ ಅರ್ಜಿಯಲ್ಲಿ ಎಲ್ಲ ತುಂಬಿದ್ದಾಯಿತು, ಬಂದ ಉತ್ತರದ ಸಾರ: ನಿಮಗೇನು ಕಮ್ಮಿ?

"ಗೌಡ್ರ, ನೀವು ಶ್ರೀಮಂತ್ರು ಅಂತ ಸರಕಾರ ಹೇಳ್ತದ. ಅಲ್ಲ ಅಂತ ನಿಮ್ಮ ಬ್ಯಾಂಕು ಹೇಳ್ತದ. ನೀವು ಯಾರನ್ನ ನಂಬ್ತೀರಿ?" ಅಂದರು ಜೋಶಿ.

"ಸಾಲ ಮಾಡ್ತೀನಿ."

ಇಲ್ಲಿ ಭಟ್ಟರ ಕನ್ನಡಕ ಮೂಗಿನ ತುದಿಗೆ ಬಂತು. ಫೆಡರಲ್ ಸಾಲ ವಿದ್ಯಾರ್ಥಿಯ ಹೆಸರಿಗೆ ಮೊದಲ ವರ್ಷ ಸಿಗೋದು 5,500 ಡಾಲರ್ ಮಾತ್ರ. ಅಪ್ಪ-ಅಮ್ಮನ ಹೆಸರಿಗೆ ಪೇರೆಂಟ್ ಪ್ಲಸ್ ಅಂತ ಒಂದಿದೆ. ಮೊದಲು ಕಾಲೇಜಿನ ಪೂರ್ತಿ ಖರ್ಚಿನ ತನಕ ಎತ್ತಬಹುದಿತ್ತು. 2025ರ ಕಾನೂನು ಅದಕ್ಕೆ ಮೂಗುದಾರ ಹಾಕಿತು: 2026ರ ಜುಲೈಯಿಂದ ಹೊಸಬರಿಗೆ ವರ್ಷಕ್ಕೆ 20 ಸಾವಿರ, ಒಂದು ಮಗುವಿಗೆ ಒಟ್ಟು 65 ಸಾವಿರ. ಸ್ಟರ್ನ್‌ನ ನಾಲ್ಕು ವರ್ಷಕ್ಕೆ ಮೂರೂವರೆ ಲಕ್ಷ ಡಾಲರಿನ ಮೇಲೆ ಬೇಕು. ಉಳಿದದ್ದಕ್ಕೆ ಖಾಸಗಿ ಬ್ಯಾಂಕು.

"ನಮಗಂತೂ ಆ ಸಾಲಾನೂ ಇಲ್ರೀ," ಅಂದರು ಜೋಶಿ. ಅವರು ಇನ್ನೂ ಎಚ್-1ಬಿ ವೀಸಾದಲ್ಲಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರು. ಮಗ ಇಲ್ಲೇ ಹುಟ್ಟಿದ ಅಮೆರಿಕನ್ ಪ್ರಜೆ, ಫಾಫ್ಸಾ ತುಂಬಬಹುದು. ಆದರೆ ಪ್ಲಸ್ ಸಾಲ ಎತ್ತೋ ಅಪ್ಪ ಪ್ರಜೆಯೋ ಗ್ರೀನ್ ಕಾರ್ಡಿನವನೋ ಆಗಿರಬೇಕು. "ಸರಕಾರ ನನ್ನ ಸಾಲದಿಂದ ಕಾಪಾಡೇದ. ಎಂಥಾ ಕರುಣಾ!"

ಮೂರೂವರೆ ಲಕ್ಷ ಡಾಲರ್ ಅಂದಾಗ ಅಲುಗಾಡದ ಗೌಡ್ರು, ಅದನ್ನ ರೂಪಾಯಿಗೆ ತಿರುಗಿಸಿದಾಗ ಮೂರು ಕೋಟಿ ದಾಟಿದ್ದು ಕಂಡು ಸ್ವಲ್ಪ ಬಿಳುಚಿಕೊಂಡರು. ಮನಸ್ಸಿನಲ್ಲಿ ಗದ್ದೆಯ ಎಕರೆ ಎಣಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

ಆದರೂ ಬಿಟ್ಟುಕೊಡುವ ಆಸಾಮಿಯಲ್ಲ. "ದೊಡ್ಡ ಕಾಲೇಜಲ್ಲಿ ಓದಿದ್ರೆ ಸಂಬಳ ಹೆಚ್ಚು. ರಿಸರ್ಚ್ ಇದೆ."

ರಿಸರ್ಚ್ ಇದೆ, ನಿಜ. ಗೌಡ್ರು ಹೇಳಿದ್ದಕ್ಕೆ ಅಲ್ಲ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ನೆನಪಿತ್ತು, ಹೇಳಿದೆ. ಒಂದೇ ತರದ ಕಾಲೇಜುಗಳಿಗೆ ಅರ್ಜಿ ಹಾಕಿ ಸೀಟು ಪಡೆದವರಲ್ಲಿ, ದೊಡ್ಡ ಹೆಸರಿನ ಕಡೆ ಹೋದವರಿಗೂ ಹೋಗದವರಿಗೂ ಮುಂದಿನ ಸಂಬಳದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಬಡ ಮನೆಯ ಮಕ್ಕಳಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭವಾಗಿತ್ತು.

"ಅದು ಹಳೇದು," ಅಂದರು ಗೌಡ್ರು. "ರಾಜ್ ಚೆಟ್ಟಿ ಬೇರೆ ಹೇಳವ್ರೆ."

ಓದಿಕೊಂಡೇ ಕೂತಿದ್ದರು ಪುಣ್ಯಾತ್ಮರು! ಅರ್ಥಶಾಸ್ತ್ರಜ್ಞರಾದ ಚೆಟ್ಟಿ, ಡೆಮಿಂಗ್, ಫ್ರೀಡ್‌ಮನ್ 2023ರಲ್ಲಿ ಹೇಳಿದ್ದೇನೋ ಹೌದು: ದೊಡ್ಡ ಕಾಲೇಜಿಗೆ ಹೋದರೆ ಆದಾಯದಲ್ಲಿ ಮೇಲಿನ ಶೇ. 1ರೊಳಗೆ ಸೇರುವ ಸಾಧ್ಯತೆ ಸುಮಾರು ಅರ್ಧದಷ್ಟು ಹೆಚ್ಚುತ್ತದೆ, ಹೆಸರುವಾಸಿ ಕಂಪನಿಗೆ ಸೇರುವ ಸಾಧ್ಯತೆ ಮೂರು ಪಟ್ಟಾಗುತ್ತದೆ. ಆದರೆ ಸರಾಸರಿ ಸಂಬಳ ಎತ್ತಿ ನೋಡಿದರೆ ಅವರಿಗೂ ಹೆಚ್ಚೇನೂ ಕಾಣಲಿಲ್ಲ.

"ಮೂರು ಪಟ್ಟು!" ಗೌಡ್ರು ಎರಡನೇ ಭಾಗ ಕೇಳಿಸಿಕೊಳ್ಳಲಿಲ್ಲ.

"ಯಾವ ಕಾಲೇಜು ಸೇರಿಸಿದ್ರು ಆ ಲೆಕ್ಕದಲ್ಲಿ?" ಅಂತ ಕೇಳಿದರು ಶೆಟ್ರು.

"ಹನ್ನೆರಡು. ಐವಿ ಲೀಗಿನ ಎಂಟು, ಸ್ಟ್ಯಾನ್‌ಫರ್ಡ್, ಎಂಐಟಿ, ಡ್ಯೂಕ್, ಶಿಕಾಗೊ," ಅಂದೆ.

"ಇದ್ರಲ್ಲಿ ನಿಮ್ದು ಎಲ್ಲಿ ಉಂಟು?"

ಗೌಡ್ರು ಹನ್ನೆರಡನ್ನೂ ಬೆರಳಲ್ಲಿ ಎಣಿಸಿದರು. ಇನ್ನೊಂದು ಸಲ ಎಣಿಸಿದರು. "ರ‍್ಯಾಂಕಿಂಗ್ ಅಂತ ಒಂದೈತಲ್ಲ?" ಅಂದರು, ಸ್ವರ ಇಳಿಸಿ.

ರ‍್ಯಾಂಕಿಂಗ್ ಎತ್ತಬಾರದಿತ್ತು. ಅದು ಭಟ್ಟರ ಅಚ್ಚುಮೆಚ್ಚಿನ ಅಧ್ಯಾಯ. ಫಿಲಡೆಲ್ಫಿಯಾದ ಟೆಂಪಲ್ ಯೂನಿವರ್ಸಿಟಿಯ ಫಾಕ್ಸ್ ಬಿಸಿನೆಸ್ ಸ್ಕೂಲಿನ ಆನ್‌ಲೈನ್ ಎಂಬಿಎ 2015ರಿಂದ 2018ರವರೆಗೆ ನಾಲ್ಕು ವರ್ಷ ದೇಶಕ್ಕೇ ಮೊದಲನೇ ಸ್ಥಾನದಲ್ಲಿತ್ತು. ಕೊಟ್ಟ ಅಂಕಿ-ಅಂಶ ಸುಳ್ಳು ಅಂತ ಆಮೇಲೆ ಬಯಲಾಯಿತು. ಡೀನ್ ಆಗಿದ್ದ ಮೋಶೆ ಪೊರಾಟ್‌ಗೆ 2022ರಲ್ಲಿ 14 ತಿಂಗಳ ಜೈಲು, ಎರಡೂವರೆ ಲಕ್ಷ ಡಾಲರ್ ದಂಡ.

"ಬಿಸಿನೆಸ್ ಸ್ಕೂಲಿನ ಡೀನ್‌ಗೇ ಲೆಕ್ಕ ತಪ್ಪೇದ ಅಂದ್ರ..." ಅಂತ ಜೋಶಿಯವರು ಶುರುಮಾಡಿದ್ದರು. ಸುಮಕ್ಕ ಬಿಸಿಬೇಳೆಬಾತಿನ ಪಾತ್ರೆ ತಂದಿಟ್ಟು ಆ ಮಾತನ್ನು ಅಲ್ಲೇ ನಿಲ್ಲಿಸಿದರು.

ಸುಮಕ್ಕನಿಗೆ ಡಲ್ಲಾಸೇ ಬೇಕು ಅಂತ ನಮಗೆಲ್ಲ ಗೊತ್ತಿತ್ತು. ಆದರೆ ಭಟ್ಟರು ಅವರನ್ನೂ ಬಿಡಲಿಲ್ಲ. ಸ್ಕಾಲರ್‌ಶಿಪ್ ಪತ್ರ ತರಿಸಿಕೊಂಡು ಕೊನೆಯ ಪುಟದಿಂದ ಓದತೊಡಗಿದರು. ಟ್ಯಾಕ್ಸಿನವರೆಲ್ಲ ಹಾಗೆಯೇ ಓದೋದು. "ಇದು ನಾಲ್ಕು ವರ್ಷಕ್ಕೆ ಪುಕ್ಕಟೆ ಅಂದ್ಕೋಬೇಡಿ. ಜಿಪಿಎ (ನಾಲ್ಕಕ್ಕೆ ಇಷ್ಟು ಅನ್ನೋ ಅಂಕದ ಸರಾಸರಿ) ಇಳಿಯೋ ಹಾಗಿಲ್ಲ, ಪ್ರತಿ ಸೆಮಿಸ್ಟರಿಗೂ ಪೂರ್ತಿ ಕ್ರೆಡಿಟ್ ತಗೋಬೇಕು. ಕೆಲವು ಕಾಲೇಜಲ್ಲಿ 3.0 ಸಾಕು, ಕೆಲವರು 3.5 ಕೇಳ್ತಾರೆ. ಒಂದು ಕೆಟ್ಟ ಸೆಮಿಸ್ಟರ್ ಬಂತು ಅನ್ನಿ, ಅಷ್ಟೆ. ಒಂದು ಸಲ ಕಿತ್ಕೊಂಡ್ರೆ ವಾಪಸ್ ಸಿಗತ್ತಾ ಅಂತ ಈಗಲೇ ಕೇಳಿ. ಮೇಜರ್ ಬದಲಾಯಿಸಿದ್ರೆ ಉಳಿಯತ್ತಾ, ಅದನ್ನೂ ಕೇಳಿ." ನನ್ನ ಮಟ್ಟಿಗೆ ಆವತ್ತಿನ ಅತ್ಯಂತ ಉಪಯೋಗದ ಮಾತು ಇದೇ. ಯಾರೂ ಬರೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಶೆಟ್ರು, ಊಟದ ಮಧ್ಯೆ: "ಹುಡ್ಗಿಗೆ ಎಂತ ಆಗ್ಬೇಕಂತೆ?"

ಮೌನ. ಗೌಡ್ರು ಸುಮಕ್ಕನನ್ನು ನೋಡಿದರು. ಸುಮಕ್ಕ ಗೌಡ್ರನ್ನು ನೋಡಿದರು. ಎಕ್ಸೆಲ್ ಶೀಟಿನಲ್ಲಿ ಆ ಕಾಲಂ ಇರಲಿಲ್ಲ.

ಲೆಕ್ಕವೆಲ್ಲ ನಿಂತಿರೋದು ಅದರ ಮೇಲೆ. ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್ ಒಂದೇ ಗುರಿ ಅಂದಿದ್ದರೆ ನಾನೇ ಸ್ಟರ್ನ್ ಅಂತಿದ್ದೆ. ಆ ಬ್ಯಾಂಕುಗಳು ಕೆಲವೇ ಕಾಲೇಜಿಗೆ ಹುಡುಕಿಕೊಂಡು ಬರುತ್ತವೆ, ಮೂರನೇ ವರ್ಷದ ಬೇಸಿಗೆಯ ಇಂಟರ್ನ್‌ಶಿಪ್ಪಿಗೆ ಎರಡನೇ ವರ್ಷದಲ್ಲೇ ಆರಿಸಿ ಮುಗಿಸುತ್ತವೆ, ಮತ್ತೆ ಸ್ಟರ್ನ್‌ನಿಂದ ವಾಲ್ ಸ್ಟ್ರೀಟಿಗೆ ಸಬ್‌ವೇಯಲ್ಲಿ ನಾಲ್ಕಾರು ಸ್ಟಾಪು. ಅಕೌಂಟಿಂಗ್ ಅಂದರೆ ಬೇರೆ ಮಾತು. ಸಿಪಿಎ ಪರೀಕ್ಷೆ ಎಲ್ಲರಿಗೂ ಒಂದೇ, ನಾಲ್ಕು ದೊಡ್ಡ ಆಡಿಟ್ ಕಂಪನಿಗಳು ಡಲ್ಲಾಸಿಗೂ ಬರುತ್ತವೆ. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು ಕೂಡ ಐದು ಸಾವಿರ ಜನ ಕೂರುವಂಥ ಕಟ್ಟಡಕ್ಕೆ 2023ರಲ್ಲಿ ಇಲ್ಲೇ ಡಲ್ಲಾಸಿನಲ್ಲಿ ಗುದ್ದಲಿ ಪೂಜೆ ಮಾಡಿದೆ.

"ಪುಟ್ಟಿ!" ಗೌಡ್ರು ಮಹಡಿಯ ಕಡೆ ಕೂಗಿದರು. "ಬಾ ಇಲ್ಲಿ. ನಿಂಗೇನಾಗ್ಬೇಕು?"

ಪುಟ್ಟಿ ಕಿವಿಯಿಂದ ಇಯರ್‌ಫೋನ್ ತೆಗೆಯುತ್ತ ಇಳಿದು ಬಂದಳು. "ಐ ಡೋಂಟ್ ನೋ ಅಪ್ಪ. ಮೇ ಬಿ ಅಕೌಂಟಿಂಗ್. ಮಾರ್ಕೆಟಿಂಗ್ ಕೂಡ ಇಷ್ಟ."

"ಸ್ಟರ್ನ್ ಬೇಡ್ವಾ?"

"ಬೇಡ ಅಂತಲ್ಲ. ನ್ಯೂಯಾರ್ಕ್ ಬೇಕು, ಯಾಕಂದ್ರೆ ಅಮ್ಮ ಅಲ್ಲಿಗೆ ಬರಕ್ಕಾಗಲ್ಲ."

ಸುಮಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ನಾನೇನೇ ಮಾಡ್ದೆ?"

"ಇಪ್ಪತ್ತು ನಿಮಿಷ ಅಮ್ಮ. ಡೈಲಿ ಬರ್ತೀಯ. ಡಬ್ಬಿ ತಗೊಂಡು ಬರ್ತೀಯ. ನನ್ ರೂಮೇಟ್‌ಗೂ ತರ್ತೀಯ." ಆಮೇಲೆ ನಮ್ಮ ಕಡೆ ತಿರುಗಿ, "ಅಂಕಲ್, ಡಿಫರೆನ್ಸ್ ಎಷ್ಟು? ಮೂರು ಲಕ್ಷ ಡಾಲರ್? ನಾನು ಡಲ್ಲಾಸ್‌ಗೆ ಹೋದ್ರೆ ಅದ್ರಲ್ಲಿ ನಂಗೆಷ್ಟು?"

"ನಿಂಗ್ಯಾಕೆ?" ಅಂದರು ಗೌಡ್ರು.

"ಸ್ಕಾಲರ್‌ಶಿಪ್ ತಗೊಂಡಿದ್ದು ನಾನಲ್ವಾ?"

ಭಟ್ಟರು ಮೊದಲ ಸಲ ಊಟ ಬಿಟ್ಟು ತಲೆಯೆತ್ತಿದರು. "ಮುಂದೆ ಎಂಬಿಎ ಮಾಡೋದಾದ್ರೆ ಅದಕ್ಕಿಡಬಹುದು. ಓದಿಗಂತ ಕೂಡಿಡೋ 529 ಖಾತೆಯಲ್ಲಿ ಇದ್ದದ್ದು ಅದಕ್ಕೂ ನಡೆಯತ್ತೆ. ವಾರ್ಟನ್ ಬಾಗಿಲು ಆಗ ಇನ್ನೊಂದ್ ಸಲ ತಟ್ಟಬಹುದು ಗೌಡ್ರೆ."

ವಾರ್ಟನ್ ಅಂದ ಕೂಡಲೇ ಗೌಡ್ರ ಮುಖಕ್ಕೆ ರಕ್ತ ವಾಪಸ್ ಬಂತು.

"ಓಕೆ," ಅಂದಳು ಪುಟ್ಟಿ. "ಬಟ್ ಹಾಸ್ಟೆಲ್ ಬೇಕು. ಮನೆಯಿಂದ ಓಡಾಡಲ್ಲ. ಮತ್ತೆ ಅಮ್ಮ ತಿಂಗಳಿಗೆ ಒಂದ್ಸಲ."

"ವಾರಕ್ಕೆ ಎರಡು," ಅಂದರು ಸುಮಕ್ಕ.

"ತಿಂಗಳಿಗೆ ಎರಡು. ಫೋನ್ ಮಾಡಿ ಬರ್ಬೇಕು."

"ಸಾರಿನ ಪುಡಿ ಕೊಡಕ್ಕೆ ಬಂದಿದ್ದು ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿದೆ."

"ಕಾರಿಂದ ಇಳಿಯಲ್ಲ ಕಣೇ, ಕಿಟಕಿಯಿಂದ ಕೊಟ್ಟು ಹೋಗ್ತೀನಿ."

ಪುಟ್ಟಿ ಯೋಚಿಸಿದಳು. ಭಟ್ಟರು ಸ್ಕಾಲರ್‌ಶಿಪ್ ಪತ್ರವನ್ನು ಮಗುಚಿ, ಜೇಬಿನಿಂದ ಪೆನ್ನು ತೆಗೆದು, "ಕಿಟಕಿ ಅಂದ್ರೆ ಯಾರ ಕಡೆ ಕಿಟಕಿ, ಅದನ್ನ ಮೊದಲು ಸ್ಪಷ್ಟ ಮಾಡಿ" ಅಂದರು.